ಬಣ್ಣದಣ್ಣನ ತಿಂಡಿ ಪಾಳಿ

ಗೋಡೆಯ ವಿಷಯದಲ್ಲಿ ಬಣ್ಣದಣ್ಣನಿಗೆ ಬುದ್ಧಿ ಹೇಳುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಯಾರ ಮನೆಗೆ ಕಾಲಿಟ್ಟರೂ ಆತ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಗೋಡೆಯ ಮುಖವನ್ನು. ಬೆರಳ ಗೆಣ್ಣಿನಿಂದ ಕುಟ್ಟಿ, ಅಂಗೈ ಸವರಿ, ತಲೆ ವಾರೆ ಮಾಡಿ, "ಇಲ್ಲಿ ತೇವ ಇದೆ" ಎಂದನೆಂದರೆ ಅಲ್ಲಿ ತೇವ ಇದ್ದೇ ಇರುತ್ತಿತ್ತು. "ತೇವದ ಮೇಲೆ ಬಣ್ಣ ಬಳಿಯೋದೂ ಒಂದೇ, ಸುಳ್ಳಿನ ಮೇಲೆ ಆಣೆ ಇಡೋದೂ ಒಂದೇ. ಇವತ್ತಲ್ಲ ನಾಳೆ ಉಬ್ಬಿ ಬರುತ್ತೆ" ಎಂದು ಮನೆಯ ಯಜಮಾನರಿಗೇ ಪಾಠ ಹೇಳುತ್ತಿದ್ದ. ಹೀಗೆ ಊರ ಗೋಡೆಗಳಿಗೆಲ್ಲ ನ್ಯಾಯ ಹೇಳುತ್ತಿದ್ದ ಮನುಷ್ಯ ಒಂದು ಬೆಳಿಗ್ಗೆ ಒಲೆಯ ಮುಂದೆ ನಿಲ್ಲಬೇಕಾಗಿ ಬಂತು. ಬರಿಗೈಯಲ್ಲಿ ಹೋಗಿದ್ದರೆ ಚಿಂತೆಯಿರಲಿಲ್ಲ. ತನ್ನ ವಿದ್ಯೆಯನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಹೋದ.

ಅದಕ್ಕೆ ಕಾರಣ ಅವನ ಹೆಂಡತಿ. ಆಕೆ ದೊಡ್ಡದೊಂದು ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದವಳು. ಆಸ್ಪತ್ರೆಯ ಹಾಸುಗಳು, ಹೋಟೆಲಿನ ಮೇಜುಬಟ್ಟೆಗಳು ದಿನವೂ ಗುಡ್ಡೆಗುಡ್ಡೆಯಾಗಿ ಬಂದು ಬೀಳುತ್ತಿದ್ದವು. ಹಬೆಯ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತೂ ನಿಂತೂ ಅವಳ ಕಾಲಿನ ನರಗಳು ಹಗ್ಗದಂತೆ ಗಂಟುಕಟ್ಟಿದ್ದವು. ಕೊನೆಗೊಂದು ದಿನ ಮ್ಯಾನೇಜರು ಕರೆದು, "ನಸುಕಿನ ಪಾಳಿಗೆ ಮೇಲ್ವಿಚಾರಕಿ ಬೇಕು. ಈ ತಿಂಗಳು ಮಾಡಿ ನೋಡಿ. ಆಗುತ್ತೆ ಅಂದ್ರೆ ಜಾಗ ನಿಮ್ದು. ಆಗಲ್ಲ ಅಂದ್ರೆ ಹಳೇ ಯಂತ್ರ ಎಲ್ಲೂ ಓಡಿಹೋಗಲ್ಲ" ಎಂದರು.

"ಮೇಲ್ವಿಚಾರಕಿಗೆ ಒಂದು ಕುರ್ಚಿ ಇದೆ ಕಣ್ರೀ" ಎಂದು ಅವಳು ಆ ಸಂಜೆ ಗಂಡನಿಗೆ ಹೇಳಿದಳು. ಅನ್ನ ಬಡಿಸುವಾಗ ಇನ್ನೊಮ್ಮೆ ಹೇಳಿದಳು. ಪಾತ್ರೆ ತೊಳೆಯುವಾಗ, ಯಾರಿಗೂ ಅಲ್ಲ ಎಂಬಂತೆ, "ಬೆನ್ನು ಒರಗಿಸೋ ಕುರ್ಚಿ" ಎಂದಳು.

ನಸುಕಿನ ಪಾಳಿ ಎಂದರೆ ಮಕ್ಕಳು ಏಳುವ ಮೊದಲೇ ಅವಳು ಮನೆ ಬಿಡಬೇಕು. ಮಧ್ಯಾಹ್ನದ ಹೊತ್ತಿಗೆ ಮರಳಿ ಬರುವಳು, ಉಳಿದದ್ದೆಲ್ಲ ಸರಿದೂಗುತ್ತದೆ. ಬೆಳಗಿನ ತಿಂಡಿಯೊಂದು ಮಾತ್ರ ಗಂಡನ ಪಾಲಿಗೆ ಬಂತು.

"ತಿಂಡಿ ತಾನೆ? ಎರಡು ಕೋಟು ಹೊಡೆದ್ರೆ ಮುಗೀತು" ಎಂದ ಬಣ್ಣದಣ್ಣ.

ಮೊದಲ ವಾರ ಹಾಗೇ ಹೊಡೆದ. ಬಿಳಿ ಬ್ರೆಡ್ಡಿನ ಮೇಲೆ ಜಾಮು ಒಂದು ಕೋಟು, ಅದು ಕೊಂಚ ಒಳಗಿಳಿದ ಮೇಲೆ ಇನ್ನೊಂದು ಕೋಟು. ಅಂಚಿನಿಂದ ಅಂಚಿಗೆ ಒಂದೇ ಸಮ. ಅಷ್ಟು ನಾಜೂಕಾಗಿ ಜಾಮು ಬಳಿದ ಬ್ರೆಡ್ಡನ್ನು ಜಗತ್ತಿನಲ್ಲಿ ಬೇರೆ ಯಾವ ಮಕ್ಕಳೂ ತಿಂದಿರಲಾರರು. ಮಗಳು ತಿಂದಳು, ಚಿಕ್ಕವನು ಬೆರಳನ್ನೂ ನೆಕ್ಕಿದ. ಎಲ್ಲರೂ ಸುಖವಾಗಿದ್ದರು.

ಆ ಸುಖಕ್ಕೆ ಕಲ್ಲು ಬಿದ್ದದ್ದು ಶಾಲೆಯಿಂದ. ಮಗಳ ತರಗತಿಯ ಟೀಚರು ತಾಯಿಗೆ ಫೋನು ಮಾಡಿದರು.

"ಎರಡನೇ ಪೀರಿಯಡ್ಡಿಗೇ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗ್ತಾಳಮ್ಮ ನಿಮ್ಮ ಹುಡುಗಿ. ಬೆಳಿಗ್ಗೆ ಏನು ತಿಂದೆ ಅಂದ್ರೆ 'ಜಾಮು' ಅಂದ್ಲು. ಜಾಮಿನ ಜೊತೆಗೆ ಏನು ಅಂದ್ರೆ 'ಇನ್ನೂ ಸ್ವಲ್ಪ ಜಾಮು' ಅಂದ್ಲು. ಬರೀ ಸಿಹಿ ಬೆಂಕಿಕಡ್ಡಿ ಇದ್ದ ಹಾಗೆ, ಭಗ್ ಅಂತ ಹತ್ತಿ ಪುಸಕ್ ಅಂತ ಆರುತ್ತೆ. ಸ್ವಲ್ಪ ಸೌದೆ ಹಾಕಿ. ಕಾಳು, ಮೊಟ್ಟೆ, ಹಣ್ಣು, ತರಕಾರಿ, ಏನಾದ್ರೂ."

ಆ ಮಧ್ಯಾಹ್ನ ಅವಳು ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಭ್ಯಾಸವಿತ್ತು. ಚಪ್ಪಲಿ ಬಿಟ್ಟು, ಹೊಸ್ತಿಲ ಮೇಲೇ ಕೂತು, ಕಾಲು ನೀವಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಶನಿವಾರ ಬರಲಿ, ಮುಂದಿನ ಶನಿವಾರ ಬರಲಿ, ತಿಂಗಳು ಮುಗಿಯೋದರೊಳಗೆ ಇದು ಸರಿಹೋಗ್ಲಿಲ್ಲ ಅಂದ್ರೆ ನಾನು ಆಗಲ್ಲ ಅಂತ ಹೇಳ್ಬಿಡ್ತೀನಿ. ಮಕ್ಕಳ ಹೊಟ್ಟೆ ಮೇಲೆ ಕುರ್ಚಿ ಹಾಕ್ಕೊಂಡು ಕೂರೋಕೆ ನನ್ನಿಂದ ಆಗಲ್ಲ."

ಬಣ್ಣದಣ್ಣನ ಎದೆಗೆ ಏಣಿ ಬಿದ್ದಂತಾಯಿತು.

ಮರುದಿನ ಆತ ಕೋಳಿಗಿಂತ ಮೊದಲೇ ಎದ್ದ. ಅಡುಗೆಮನೆಯ ನೆಲಕ್ಕೆಲ್ಲ ಹಳೆಯ ಪತ್ರಿಕೆ ಹಾಸಿದ. ತಲೆಗೆ ಬಟ್ಟೆ ಕಟ್ಟಿದ. ಓಟ್ಸಿಗೆ ಹಾಲು ಹಾಕಿ ಒಲೆಯ ಮೇಲಿಟ್ಟು, ಬಣ್ಣ ಕದಡುವ ರೀತಿಯಲ್ಲೇ ಚಪ್ಪಟೆ ಮರದ ಸೌಟಿನಿಂದ ತಳದಿಂದ ಮೇಲಕ್ಕೆ ಕದಡತೊಡಗಿದ. ಗಂಟುಗಳು ಕಂಡವು. ಬಣ್ಣದಲ್ಲಿ ಗಂಟು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಇನ್ನು ಊಟದಲ್ಲೇ ಗಂಟು ಕಂಡರೆ ಬಿಡುವನೆ? ತೆಳುಬಟ್ಟೆಯೊಂದನ್ನು ತಂದು ಸೋಸಿದ, ಹಿಂಡಿದ, ಮತ್ತೆ ಒಲೆಗಿಟ್ಟು ಇನ್ನಷ್ಟು ಕದಡಿದ. ಕೊನೆಗೆ ತಟ್ಟೆಗೆ ಬಿದ್ದದ್ದು ಕನ್ನಡಿಯಂತೆ ನುಣ್ಣಗಿತ್ತು.

ಚಿಕ್ಕವನು ಅದರಲ್ಲಿ ಚಮಚ ನೆಟ್ಟು ಕೈಬಿಟ್ಟ. ಚಮಚ ಅಲುಗಲಿಲ್ಲ.

"ಅಪ್ಪಾ, ನಿಂತ್ಕೊಂಡಿದೆ!"

ಮಗಳು ಬಗ್ಗಿ ಮೂಸಿ ನೋಡಿದಳು. ಈ ಹುಡುಗಿಗೆ ಅತ್ತೆ ಇಟ್ಟ ಹೆಸರು ಇನ್‌ಸ್ಪೆಕ್ಟರಮ್ಮ. ಯಾವುದನ್ನೂ ತನಿಖೆ ಮಾಡದೆ ಬಿಡುವವಳಲ್ಲ. "ಅಪ್ಪಾ, ಇದು ಗೋಡೆ ಬಿರುಕಿಗೆ ತುಂಬ್ತೀರಲ್ಲ, ಆ ಪುಟ್ಟಿ" ಎಂದು ತೀರ್ಪು ಕೊಟ್ಟಳು.

ಅಷ್ಟರಲ್ಲಿ ಆ ಅತ್ತೆಯೇ ಮಹಡಿಯಿಂದ ಇಳಿದು ಬಂದಳು. ಬಣ್ಣದಣ್ಣನ ಅಕ್ಕ ಆಕೆ. ಮೇಲಿನ ಮನೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಕತ್ತರಿಗಿಂತ ನಾಲಿಗೆ ಹರಿತ. ಬಾಗಿಲಲ್ಲೇ ನಿಂತು ನೆಲದ ಪತ್ರಿಕೆ ನೋಡಿದಳು, ತಮ್ಮನ ತಲೆಯ ಬಟ್ಟೆ ನೋಡಿದಳು, ನಿಂತ ಚಮಚ ನೋಡಿದಳು.

"ಸೀದ ವಾಸನೆ ಬಂತು ಅಂತ ಓಡಿಬಂದೆ ಕಣೋ. ತಿಂಡಿ ಮಾಡ್ತಿದೀಯಾ, ಇಲ್ಲ ಮಕ್ಕಳ ಹೊಟ್ಟೇಲಿ ಬಿರುಕು ಬಿಟ್ಟಿದೆಯಾ?"

"ಅಕ್ಕಾ, ನೀನು ಸುಮ್ನಿರು. ಇದು ಪೌಷ್ಟಿಕ."

"ಪೌಷ್ಟಿಕಾನೇ ಇರಬಹುದು. ಒಂದು ಹಿಡಿ ಕೊಡು, ನನ್ನ ಕಿಟಕಿ ಸಂದೀಲಿ ಗಾಳಿ ಬರುತ್ತೆ."

ಮಕ್ಕಳು ನಕ್ಕು ನಕ್ಕು ಹಾಲು ಕುಡಿದು ಶಾಲೆಗೆ ಹೋದರು. ಪುಟ್ಟಿಯನ್ನು ಬಣ್ಣದಣ್ಣನೇ ತಿನ್ನಲು ಹೋಗಿ, ಅರ್ಧಕ್ಕೆ ಬಿಟ್ಟ.

ಏಣಿಯ ಮೇಲೆ ನಿಂತು ದಿನವಿಡೀ ಯೋಚಿಸಿದ. ಕೊನೆಗೆ ದೋಷ ಎಲ್ಲಿದೆ ಎಂದು ಹೊಳೆಯಿತು: ಬಣ್ಣದಲ್ಲಿ! ಆ ಬೂದಿ ಬಿಳುಪನ್ನು ಯಾವ ಮಗು ತಾನೆ ಇಷ್ಟಪಟ್ಟೀತು? ಮರುದಿನ ಪಾಲಕ್ ಸೊಪ್ಪು ಬೇಯಿಸಿ ಅರೆದು, ಹಿಂಡಿಹಿಂಡಿ ಹನಿಹನಿಯಾಗಿ ಗಂಜಿಗೆ ಸೇರಿಸಿದ. ಕಣ್ಣು ಕಿರಿದು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಹನಿ ಹೆಚ್ಚು, ಅರ್ಧ ಹನಿ ಕಡಿಮೆ ಎಂದು ಹದ ನೋಡಿ, ಎಳೆ ಚಿಗುರಿನ ಹಸಿರನ್ನು ಸಾಧಿಸಿದ. ಇಷ್ಟು ಚೆಂದದ ಹಸಿರು ತನ್ನ ಕೈಯಿಂದ ವರ್ಷಕ್ಕೊಮ್ಮೆ ಹುಟ್ಟುತ್ತದೆ ಎಂದುಕೊಂಡ.

ತಟ್ಟೆ ಮುಂದಿಟ್ಟಾಗ ಮಗಳ ಮುಖ ಬಿಳಿಚಿಕೊಂಡಿತು.

"ಇದು ಹಲ್ಲು ಕೀಳೋ ಡಾಕ್ಟ್ರ ಗೋಡೆ."

ಬಣ್ಣದಣ್ಣ ತಟ್ಟೆಯನ್ನು ಇನ್ನೊಮ್ಮೆ ನೋಡಿದ. ಹೌದು. ಹಿಂದಿನ ವರ್ಷ ಹಲ್ಲಿನ ಡಾಕ್ಟರ ಕಾಯುವ ಕೋಣೆಗೆ ಅವನೇ ಬಳಿದಿದ್ದ ಹಸಿರು. ಅವನ ಮನಸ್ಸು ಮರೆತಿದ್ದರೂ ಕೈ ಮರೆತಿರಲಿಲ್ಲ. ಆ ಗೋಡೆಯನ್ನೇ ದಿಟ್ಟಿಸುತ್ತ ಮಗಳು ಒಂದು ಮಧ್ಯಾಹ್ನವೆಲ್ಲ ಕೂತಿದ್ದಳು, ಆಮೇಲೆ ಒಳಗೆ ಹೋಗಿ ದವಡೆಯ ಹಲ್ಲೊಂದನ್ನು ಕಳೆದುಕೊಂಡು ಬಂದಿದ್ದಳು. ಅವಳ ಮಾತು ಕೇಳಿದ್ದೇ ತಡ, ಚಿಕ್ಕವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಶಾಲೆಯ ವ್ಯಾನು ಬರುವವರೆಗೂ ಕೈ ತೆಗೆಯಲಿಲ್ಲ.

ಸೋತವನಿಗೆ ಕೊನೆಗೆ ಉಳಿಯುವುದು ಕಪಟ. ಮೂರನೆಯ ಪ್ರಯತ್ನದಲ್ಲಿ ಬಣ್ಣದಣ್ಣ ತನ್ನ ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಬೇಳೆ, ಕ್ಯಾರೆಟ್ಟು, ಸಿಹಿಗುಂಬಳ ಎಲ್ಲ ಬೇಯಿಸಿ ರುಬ್ಬಿ, ಕಂದು ಬ್ರೆಡ್ಡಿಗೆ ದಪ್ಪಗೆ ಮೆತ್ತಿ, ಅದರ ಮೇಲೆ ಜಾಮಿನದೊಂದು ತೆಳು ಕೋಟು ಬಳಿದು ಮುಚ್ಚಿಬಿಟ್ಟ. ಕೆಳಗೇನಿದೆ ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

ಬ್ರಹ್ಮನಿಗೆ ತಿಳಿಯದ್ದು ಚಿಕ್ಕವನಿಗೆ ತಿಳಿಯಿತು. ಅಪ್ಪ ಹಳೆಯ ಬಣ್ಣ ಕೆರೆಯುವುದನ್ನು ನೋಡಿಯೇ ಬೆಳೆದ ಹುಡುಗ ಅವನು. ಬೆಣ್ಣೆ ಸವರುವ ಚಾಕುವನ್ನು ಓರೆಯಾಗಿ ಹಿಡಿದು, ನಾಲಿಗೆ ಹೊರಚಾಚಿ, ಒಂದಿಷ್ಟೂ ಬಿಡದಂತೆ ಜಾಮನ್ನು ಕೆರೆದು ಎತ್ತಿಕೊಂಡ. ನೆಕ್ಕಿದ. ಉಳಿದ ಬ್ರೆಡ್ಡನ್ನು ಅಪ್ಪನ ಕಡೆಗೆ ತಳ್ಳಿದ.

"ಕೆಳಗಿನ ಕೋಟು ನಿಂಗೆ."

ಬಾಗಿಲಲ್ಲಿ ಮಹಡಿಯ ಅಕ್ಕ ಇದ್ದಳು. ಇರದೆ ಎಲ್ಲಿ ಹೋಗುತ್ತಾಳೆ? ಆ ಹೊತ್ತಿಗೆ ಬಣ್ಣದಣ್ಣ ಸಕ್ಕರೆ ಸುರಿದ ಚಹಾದಲ್ಲಿ ಬಿಸ್ಕತ್ತು ಅದ್ದಿ ಬಾಯಿಗಿಡುತ್ತಿದ್ದ. ಅದೇ ಅವನ ನಿತ್ಯದ ತಿಂಡಿ.

"ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಅಂದಹಾಗಾಯ್ತು" ಎಂದಳು. "ಮಕ್ಕಳಿಗೆ ಬೇಳೆ, ಅಪ್ಪಂಗೆ ಬಿಸ್ಕತ್ತು. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ಅದು ತಿನ್ನೋ ಪದಾರ್ಥ ಅಲ್ಲ ಅಂತ. ನೀನೇ ತಿನ್ನದ್ದನ್ನ ಅವ್ರು ಯಾಕೆ ತಿಂತಾರೋ?"

"ಹಾಗಾದ್ರೆ ನೀನೇ ಮಾಡು!"

"ಮಾಡ್ತಿದ್ದೆ. ಆದ್ರೆ ನಿನ್ನ ಹೆಂಡ್ತಿ ಇದನ್ನ ನಿನ್ನ ಕೈಗೆ ಕೊಟ್ಟು ಹೋಗಿದಾಳೆ. ನಡುವೆ ನಾನು ಕೈ ಹಾಕಿದ್ರೆ ನೀನು ಗೆದ್ದ ಹಾಗಾಗಲ್ಲ" ಎಂದು ಮೇಲೆ ಹೋದಳು. ಕೊಂಕು ಮಾತಾದರೂ ಅದರೊಳಗಿನ ಪ್ರೀತಿ ಅವನಿಗೆ ಅರ್ಥವಾಯಿತು. ಅರ್ಥವಾಗಿ ಇನ್ನಷ್ಟು ಸಂಕಟವಾಯಿತು.

ತಿಂಗಳ ಕೊನೆಯ ವಾರ ಬಂತು. ಮಗಳು ಶಾಲೆಯಲ್ಲಿ ಮತ್ತೆ ತೂಕಡಿಸಿದಳು. ಹೆಂಡತಿ ಬಂದು "ತಿಂದ್ರಾ?" ಎಂದು ಕೇಳುವುದನ್ನೂ ಬಿಟ್ಟಿದ್ದಳು, ತೊಳೆಯಲು ಬಿದ್ದ ತಟ್ಟೆಗಳನ್ನು ನೋಡಿದರೆ ಸಾಕಿತ್ತು. ಬುಧವಾರ ಮಕ್ಕಳ ಬಟ್ಟೆ ಮಡಿಸುತ್ತ, "ಶನಿವಾರ ನಂಗೆ ವಾರದ ರಜೆ. ಮಧ್ಯಾಹ್ನದೊಳಗೆ ಫೋನು ಮಾಡಿ ಹೇಳ್ಬೇಕಂತೆ. ಆಗಲ್ಲ ಅಂದ್ಬಿಡ್ತೀನಿ" ಎಂದಳು. ಮತ್ತೆ ಅವನ ಮುಖ ನೋಡಿ, "ನೀವೇನೂ ಬೇಜಾರು ಮಾಡ್ಕೋಬೇಡಿ. ನಿಂತು ಅಭ್ಯಾಸ ಆಗಿದೆ ನಂಗೆ" ಎಂದಳು. ಆ ಕೊನೆಯ ಮಾತನ್ನು ಅವಳು ಆಡದಿದ್ದರೆ ಚೆನ್ನಾಗಿತ್ತು.

ಗುರುವಾರ ಬಣ್ಣದಣ್ಣ ವಕೀಲಮ್ಮ ಒಬ್ಬರ ಮನೆಯಲ್ಲಿದ್ದ. ನಡುಮನೆಗೆ ಯಾವ ಬಣ್ಣ ಎಂದು ಅವರಿಗೂ ಅವರ ಗಂಡನಿಗೂ ವ್ಯಾಜ್ಯ ನಡೆದಿತ್ತು. ಇಂಥ ಕಡೆ ಬಣ್ಣದಣ್ಣ ಬಾಯಿ ಹಾಕುವವನಲ್ಲ. ಅಂಗೈಯಗಲದ ಮಾದರಿಗಳನ್ನು ಗೋಡೆಯ ಮೇಲೆ ಸಾಲಾಗಿ ಬಳಿದು, "ನೋಡಿ ಅಮ್ಮಾ, ಯಾವುದು ಬೇಕೋ ಬೆರಳು ತೋರಿಸಿ" ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ವಕೀಲಮ್ಮ ಹತ್ತಿರ ಹೋದರು, ದೂರ ಬಂದರು, ಎಲ್ಲಕ್ಕಿಂತ ಕೆಟ್ಟದ್ದನ್ನು ಆರಿಸಿದರು. ನಿನ್ನೆಯ ಬೇಳೆಕಟ್ಟಿನ ಬಣ್ಣ ಅದು. ಗಂಡ ಮೂಗು ಮುರಿದ ಕೂಡಲೇ, "ಇದು ನಾನು ಆರಿಸಿದ್ದು. ಇದರ ಸುದ್ದಿಗೆ ಬರಬೇಡಿ" ಎಂದು ಕೋರ್ಟಿನ ದನಿಯಲ್ಲಿ ಹೇಳಿ, ಆ ಬೇಳೆಕಟ್ಟನ್ನು ಹೆತ್ತ ಮಗುವಿನಂತೆ ನೋಡುತ್ತ ನಿಂತರು.

ಬಣ್ಣದಣ್ಣನ ಕೈಯಲ್ಲಿದ್ದ ಕುಂಚ ಹಾಗೇ ನಿಂತಿತು. ಊರಿಗೆಲ್ಲ ಮಾದರಿ ತೋರಿಸಿ ಒಪ್ಪಿಗೆ ಪಡೆದ ಮೇಲೆ ತಾನು ಡಬ್ಬದ ಮುಚ್ಚಳ ತೆಗೆಯುವುದು. ಮನೆಯ ಗಿರಾಕಿಗಳಿಬ್ಬರನ್ನು ಮಾತ್ರ ಒಂದು ಮಾತೂ ಕೇಳದೆ ಮೂರು ಸಲ ಗೋಡೆ ಬಳಿದುಬಿಟ್ಟಿದ್ದ!

ಶುಕ್ರವಾರ ಬೆಳಿಗ್ಗೆ ಮಕ್ಕಳು ಎದ್ದು ಬಂದಾಗ ಮೇಜಿನ ಮೇಲೆ ದೊಡ್ಡದೊಂದು ಬಿಳಿ ತಟ್ಟೆ ಇತ್ತು. ಅದರ ಅಂಚಿನ ಸುತ್ತ ಚಮಚದಷ್ಟು ಚಮಚದಷ್ಟು ಮಾದರಿಗಳು: ಕಿವುಚಿದ ಬಾಳೆಹಣ್ಣು, ಹುರಿದು ಅರೆದ ಕಡಲೆಕಾಯಿ, ಬೀಟ್‌ರೂಟು ಕಲಸಿದ ಮೊಸರು, ಬೆಂದ ಮೊಟ್ಟೆಯ ಹಳದಿಗೆ ಉಪ್ಪು ಮೆಣಸು, ಸಿಹಿಗುಂಬಳ, ಮೆತ್ತಗಾದ ಖರ್ಜೂರ, ಒಂದು ಮೂಲೆಯಲ್ಲಿ ಅಂಜುತ್ತಂಜುತ್ತ ಒಂದಿಷ್ಟು ಹಸಿರು. ಪಕ್ಕದಲ್ಲಿ ಕಾಯಿಸಿದ ಕಂದು ಬ್ರೆಡ್ಡಿನ ಚೌಕಗಳು. ಕುಂಚದ ಬದಲಿಗೆ ಎರಡು ಪುಟ್ಟ ಚಮಚ.

"ಏನಿದು?" ಎಂದಳು ಇನ್‌ಸ್ಪೆಕ್ಟರಮ್ಮ.

"ಮಾದರಿ. ನೋಡಿ ಆರಿಸ್ಕೊಳ್ಳಿ. ಬೆರೆಸೋದಾದ್ರೆ ಬೆರೆಸಿ. ನಾನು ಮಾತಾಡಲ್ಲ."

ಮಾತಾಡದೆ ಇರುವುದು ಎಷ್ಟು ಕಷ್ಟ ಎಂದು ಆ ಬೆಳಿಗ್ಗೆ ಅವನಿಗೆ ತಿಳಿಯಿತು. ಚಿಕ್ಕವನು ಬೀಟ್‌ರೂಟನ್ನು ಬಾಳೆಹಣ್ಣಿಗೆ ಸುರಿದು, ಅದಕ್ಕೆ ಕಡಲೆಕಾಯಿ ಹಾಕಿ, ಏಳು ಊರಿನ ಕೆಸರನ್ನು ಒಂದೆಡೆ ತಂದ. ಬಣ್ಣದಣ್ಣನ ಕಣ್ಣಿಗೆ ನೋವಾಯಿತು. ಅಂಥ ಬಣ್ಣವನ್ನು ಅವನು ಹಿತ್ತಲಿನ ಗೋಡೆಗೂ ಬಳಿಯಲಾರ.

"ಇದರ ಹೆಸರು ಏನ್ ಗೊತ್ತಾ?" ಎಂದ ಹುಡುಗ. "ಮೊಣಕಾಲು ತರಚಿದ ಬಣ್ಣ!"

"ಥೂ!" ಎಂದಳು ಮಗಳು. ಬಳಿಕ ಒಂದು ಚೂರು ಕದ್ದು ರುಚಿ ನೋಡಿದಳು. ಮತ್ತೆ ಒಂದು ಚೂರು ಕದ್ದಳು. ತನ್ನದನ್ನು ಮೊಟ್ಟೆಯ ಹಳದಿಯಿಂದ ಆರಂಭಿಸಿದ್ದಳು, ಬಲು ಯೋಚನೆ ಮಾಡಿ ಅದಕ್ಕೆ ಹಸಿರನ್ನು ಬೆರಳತುದಿಯಷ್ಟು ಸೇರಿಸಿ, "ಇದು ಹಲ್ಲಿನ ಡಾಕ್ಟ್ರ ಮನೆ ಅಲ್ಲ. ಗಿಳಿ ಹೊಟ್ಟೆ" ಎಂದು ಸ್ಪಷ್ಟಪಡಿಸಿ ತಿಂದಳು.

"ಅಪ್ಪಾ, ನಿಂದು ಯಾವುದು?" ಎಂದು ಚಿಕ್ಕವನು ಕೇಳಿದಾಗ ಬಣ್ಣದಣ್ಣನ ಕೈ ಬಿಸ್ಕತ್ತಿನ ಡಬ್ಬದ ಮೇಲಿತ್ತು. ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಕುಂಬಳಕ್ಕೆ ಖರ್ಜೂರ ಬೆರೆಸಿ ಬ್ರೆಡ್ಡಿಗೆ ಹಚ್ಚಿ ಕಚ್ಚಿದ. ಚೆನ್ನಾಗಿತ್ತು! ಅವನಿಗೇ ಆಶ್ಚರ್ಯವಾಯಿತು.

ಆ ಸಂಜೆ ಮಗಳು ಶಾಲೆಯಿಂದ ಬಂದು ಚೀಲ ಎಸೆದು ಸಿಡುಕಿದಳು: "ಇವತ್ತು ನಿದ್ದೇನೇ ಬರ್ಲಿಲ್ಲ. ಗಣಿತದ ಪೀರಿಯಡ್ಡು ಪೂರ್ತಿ ಎಚ್ಚರ ಇದ್ದೆ. ಎಷ್ಟು ಲೆಕ್ಕ ಮಾಡ್ಸಿದ್ರು ಗೊತ್ತಾ!" ತಾಯಿ ಒಮ್ಮೆ ಅವಳನ್ನೂ ಒಮ್ಮೆ ಗಂಡನನ್ನೂ ನೋಡಿದಳು. ಒಂದು ದಿನದ ಬಣ್ಣ ನೋಡಿ ಗೋಡೆಯನ್ನು ನಂಬುವವಳಲ್ಲ ಅವಳು.

ಶನಿವಾರ ಅವಳು ಮನೆಯಲ್ಲೇ ಇದ್ದಳು. ಮಕ್ಕಳಿಗೆ ಶಾಲೆ ಅರ್ಧ ದಿನ. ಕೆಲಸ ಮುಗಿದ ಮನೆಯನ್ನು ನೋಡಲು ಬರುವ ಯಜಮಾನಿಯ ಹಾಗೆ ಗೋಡೆಗೆ ಒರಗಿ, ಕೈಕಟ್ಟಿ ನಿಂತಳು. ಮಹಡಿಯ ಅಕ್ಕನೂ ಗುಂಡಿ ಹೊಲಿಯುವ ನೆಪದಲ್ಲಿ ಅಂಗಿಯೊಂದನ್ನು ಹಿಡಿದು ಬಂದು ಕೂತಳು. ಬಣ್ಣದಣ್ಣನಿಗೆ ಪರೀಕ್ಷೆಯ ಕೋಣೆಗೆ ಹೊಕ್ಕಂತಾಯಿತು. ಭಯದಲ್ಲಿ ಮನುಷ್ಯ ಹಳೆಯ ಚಾಳಿಗೆ ಬೀಳುತ್ತಾನೆ. ಹೆಂಡತಿ ನೋಡುವಾಗ ಆ ತರಚಿದ ಮೊಣಕಾಲನ್ನು ಹೇಗೆ ಮುಂದಿಡುವುದು? ಮಗನ ಮಿಶ್ರಣವನ್ನು ಮೊದಲೇ ತಾನೇ ಕಲಸಿ, ಬೀಟ್‌ರೂಟು ಇಳಿಸಿ, ಮೊಸರು ಏರಿಸಿ, ಗುಲಾಬಿಯ ಎಸಳಿನಂಥ ಬಣ್ಣಕ್ಕೆ ತಂದು ತಟ್ಟೆಯಲ್ಲಿಟ್ಟಿದ್ದ.

ಚಿಕ್ಕವನು ನೋಡಿದ. ಬ್ರೆಡ್ಡು ಕೆಳಗಿಟ್ಟ. "ಇದು ನಂದಲ್ಲ."

"ನಿಂದೇ ಕಣೋ, ಸ್ವಲ್ಪ ಚೆಂದ ಮಾಡಿದೀನಿ."

"ಚೆಂದ ಮಾಡಿದ್ರೆ ನಂದಲ್ಲ!" ತುಟಿ ನಡುಗಿತು. ಗಡಿಯಾರ ಓಡುತ್ತಿತ್ತು. ಹೆಂಡತಿ ಕಣ್ಣು ಬೇರೆಡೆ ತಿರುಗಿಸಿದಳು. ಅವಳ ಉತ್ತರ ಅವಳ ಮುಖದ ಮೇಲೆ ಆಗಲೇ ಬಂದು ಕೂತಿತ್ತು. ಅಕ್ಕ ಸೂಜಿ ನಿಲ್ಲಿಸಿ, "ಕೈ ತೆಗಿಯೋ. ಗಿರಾಕಿ ಆರಿಸಿದ ಮೇಲೆ ನಿಂದೇನು?" ಎಂದಳು.

ಬಣ್ಣದಣ್ಣ ಕೈ ತೆಗೆದ. ಗುಲಾಬಿಯನ್ನು ತನ್ನ ಬ್ರೆಡ್ಡಿಗೆ ಸುರಿದುಕೊಂಡು, ಬೀಟ್‌ರೂಟು, ಬಾಳೆಹಣ್ಣು, ಕಡಲೆಕಾಯಿಗಳನ್ನು ಬೇರೆಬೇರೆಯಾಗಿ ಮಗನ ಮುಂದಿಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಚಿಕ್ಕವನು ಮೂಗು ಎಳೆದುಕೊಂಡು ಕಲಸತೊಡಗಿದ. ಮೇಜಿಗೆ ಸಿಡಿಯಿತು, ಗೋಡೆಗೆ ಸಿಡಿಯಿತು. ಅಪ್ಪ ಗೋಡೆಯ ಕಡೆ ನೋಡಲಿಲ್ಲ. ಎಲ್ಲ ಸೇರಿ ಸರಿಯಾಗಿ ಕೆಟ್ಟುಹೋದ ಮೇಲೆ ಹುಡುಗ ಬ್ರೆಡ್ಡಿಗೆ ಮೆತ್ತಿಕೊಂಡು ಗಬಗಬನೆ ತಿಂದ. ಇನ್ನೊಂದು ಮೆತ್ತಿದ. ಮಗಳು ಗಿಳಿ ಹೊಟ್ಟೆಯನ್ನು ಮುಗಿಸಿ, ತಾಯಿಗೂ ಒಂದು ಚೌಕ ಹಚ್ಚಿ ಕೊಟ್ಟು, "ನೋಡ್ಬೇಡಮ್ಮ, ಸುಮ್ನೆ ತಿನ್ನು" ಎಂದಳು.

ತಾಯಿ ತಿಂದಳು. ಮಕ್ಕಳು ಅವಳನ್ನು ನೀರು ಕೇಳಲಿಲ್ಲ, ಉಪ್ಪು ಕೇಳಲಿಲ್ಲ, ಅವಳು ಮನೆಯಲ್ಲಿರುವುದನ್ನೇ ಮರೆತಂತೆ ತಮ್ಮತಮ್ಮ ಚಮಚಗಳಿಗೆ ಜಗಳವಾಡುತ್ತಿದ್ದರು. ಅವಳಿಗೆ ಸಮಾಧಾನವೂ ಆಯಿತು, ತಾನಿಲ್ಲದೆಯೂ ನಡೆಯುತ್ತದಲ್ಲ ಎಂದು ಕೊಂಚ ಬೇಸರವೂ ಆಯಿತು.

"ಲೋ, ಬೆಳಿಗ್ಗೆ ನಾನಿಲ್ಲ ಅಂತ ನಿಂಗೆ ಬೇಜಾರಾಗಲ್ವೇನೋ?" ಎಂದು ಮಗನನ್ನು ಕೇಳಿದಳು.

ಚಿಕ್ಕವನು ಬಾಯ್ತುಂಬ ತುಂಬಿಕೊಂಡೇ ಯೋಚಿಸಿದ. "ಆಗುತ್ತೆ. ಶಾಲೇಲಿ ಆಗುತ್ತೆ. ಬೆಳಿಗ್ಗೆ ಟೈಮಿರಲ್ಲ."

ಮೊದಲು ನಕ್ಕದ್ದು ಮಹಡಿಯ ಅಕ್ಕ. ಆಮೇಲೆ ತಾಯಿ ನಕ್ಕಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ವ್ಯಾನಿನ ಹಾರನ್ನು ಕೇಳಿ ಮಕ್ಕಳು ಓಡಿದ ಮೇಲೆ ಫೋನು ಕೈಗೆತ್ತಿಕೊಂಡಳು. ಬಣ್ಣದಣ್ಣ ಮೇಜು ಒರೆಸುವಂತೆ ನಟಿಸುತ್ತ, ಒರೆಸಿದ ಜಾಗವನ್ನೇ ಒರೆಸುತ್ತ ಕಿವಿ ನಿಮಿರಿಸಿ ನಿಂತ.

"ಸಾರ್, ನಾನು. ಹೂಂ ಸಾರ್, ಆಗುತ್ತೆ. ಸೋಮವಾರದಿಂದ ಖಾಯಂ ಅಂತಾನೇ ಬರೆದುಕೊಳ್ಳಿ." ಆ ಕಡೆಯಿಂದ ಏನೋ ಕೇಳಿದರು. ಅವಳು ಗಂಡನ ಕಡೆಗೆ ತಿರುಗಿ, ಅವನ ಮೊಣಕೈಗೆ ಹತ್ತಿದ ಬೀಟ್‌ರೂಟನ್ನೂ ಗೋಡೆಯ ಕಲೆಯನ್ನೂ ನೋಡಿದಳು.

"ಮನೇದಾ ಸಾರ್? ಅದಕ್ಕೊಬ್ಬರು ಸಿಕ್ಕಿದಾರೆ. ಕೆಲಸ ಪರವಾಗಿಲ್ಲ. ಗೋಡೆಗೆಲ್ಲ ಸಿಡಿಸ್ತಾರೆ, ಅಷ್ಟೇ."